ಸೈರನ್ ಇಲ್ಲದ ಹಗಲ ಪಾಳಿ

ಬೆಂಗಳೂರಿನ ಪಶ್ಚಿಮ ಭಾಗಕ್ಕೆ ‘ಪಾಳಿ’ ಎಂಬ ಮಾತು ಹೊಸದಲ್ಲ. ರಾಜಾಜಿನಗರದ ಕೈಗಾರಿಕಾ ವಸಾಹತು, ಬಿನ್ನಿಪೇಟೆಯ ಗಿರಣಿ, ಮಾಗಡಿ ರಸ್ತೆಯ ಆಸುಪಾಸಿನ ಲೇತ್ ಕಾರ್ಖಾನೆಗಳು ಇವುಗಳ ನಡುವೆ ಬೆಳೆದ ಮನೆಗಳಲ್ಲಿ ಊಟ, ನಿದ್ದೆ, ಮಕ್ಕಳ ಓದು ಎಲ್ಲವೂ ಒಂದು ಕಾಲಕ್ಕೆ ಸೈರನ್ನಿಗೆ ಹೊಂದಿಕೊಂಡು ನಡೆಯುತ್ತಿದ್ದವು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲಲ್ಲಿ ಮಲಗಿದ್ದರೆ ಮಕ್ಕಳು ಪಿಸುದನಿಯಲ್ಲಿ ಮಗ್ಗಿ ಹೇಳಬೇಕಾಗಿತ್ತು. ಮನೆಯಲ್ಲಿ ಕುಳಿತು ದುಡಿಯುವುದೂ ಇಲ್ಲಿನವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಊದುಬತ್ತಿ ಹೊಸೆದು, ರವಿಕೆ ಹೊಲಿದು, ಹಪ್ಪಳ ಒತ್ತಿ ಮಕ್ಕಳನ್ನು ಓದಿಸಿದ ತಾಯಂದಿರು ಈ ಬೀದಿಗಳಲ್ಲಿ ಬಹಳ ಮಂದಿ ಇದ್ದಾರೆ.

ಇತ್ತೀಚಿನ ವರ್ಷಗಳಲ್ಲಿ ಇದೇ ಬಡಾವಣೆಗಳ ಕೆಲವು ಮನೆಗಳಲ್ಲಿ ಇನ್ನೊಂದು ಬಗೆಯ ದುಡಿಮೆ ಸದ್ದಿಲ್ಲದೆ ಶುರುವಾಗಿದೆ. ಬೆಳಗಿನ ತಿಂಡಿ ಮುಗಿಸಿ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಸಂಜೆ ಆರರವರೆಗೆ ಮನುಷ್ಯರ ವಂಶವಾಹಿಗಳನ್ನು ಓದುವ ದುಡಿಮೆ ಅದು. ಅಲ್ಲಿ ರಕ್ತ ಕಣ್ಣಿಗೆ ಬೀಳುವುದಿಲ್ಲ, ಗಾಜಿನ ನಳಿಕೆ ಇಲ್ಲ, ಸೂಕ್ಷ್ಮದರ್ಶಕವೂ ಇಲ್ಲ. ಒಂದು ಕಂಪ್ಯೂಟರು, ಒಂದು ನೋಟ್‌ಬುಕ್ಕು, ಬೇಕಾದಷ್ಟು ತಾಳ್ಮೆ.

ಬಸವೇಶ್ವರನಗರದ ಅಂಥ ಒಂದು ಮನೆಯಲ್ಲಿ ಮಗಳು ಜೈವಿಕ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದವಳು. ತಂದೆ ಮೂವತ್ತು ವರ್ಷ ಯಂತ್ರದ ಮುಂದೆ ನಿಂತು ನಿವೃತ್ತರಾದವರು. ಎರಡು ವರ್ಷ ನಗರದ ಇನ್ನೊಂದು ತುದಿಯ ಪ್ರಯೋಗಾಲಯಕ್ಕೆ ಹೋಗಿ ಬಂದ ಮಗಳು, ‘ಇನ್ನು ಮೇಲೆ ವಾರದಲ್ಲಿ ನಾಲ್ಕು ದಿನ ಮನೆಯಿಂದಲೇ ಕೆಲಸ’ ಎಂದಾಗ ತಂದೆಗೆ ಸಮಾಧಾನವಾಗಲಿಲ್ಲ.

‘ಹೊರದೇಶದ ಕೆಲಸ ಅಂತೀಯ. ಅವರಿಗೆ ಹಗಲಾದ್ರೆ ನಮಗೆ ರಾತ್ರಿ. ನಾನು ಮಾಡಿದ ರಾತ್ರಿ ಪಾಳಿ ಸಾಕು ಪುಟ್ಟಿ, ನಿನಗೆ ಬೇಡ’ ಎಂದರು.

‘ರಾತ್ರಿ ಅಲ್ಲ ಅಪ್ಪ, ಹಗಲೇ’ ಎಂದಳು ಮಗಳು.

ಅದು ಹೇಗೆ ಹಗಲಿನ ಕೆಲಸವಾಗುತ್ತದೆ ಎಂಬುದನ್ನು ತಿಳಿಯಲು ಆ ಕೆಲಸ ಯಾವುದೆಂದು ಮೊದಲು ತಿಳಿಯಬೇಕು.

ಮುನ್ನೂರು ಕೋಟಿ ಅಕ್ಷರಗಳ ಪುಸ್ತಕ

ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿರುತ್ತವೆ ಎಂಬುದನ್ನು ಹೈಸ್ಕೂಲಿನ ಹುಡುಗರೂ ಬಲ್ಲರು. ತಾಯಿಯಿಂದ ಬಂದ ಒಂದು ಪ್ರತಿ, ತಂದೆಯಿಂದ ಬಂದ ಒಂದು ಪ್ರತಿ. ಒಂದೊಂದು ಪ್ರತಿಯಲ್ಲಿಯೂ ಸುಮಾರು 300 ಕೋಟಿ ಅಕ್ಷರ. ಬಳಕೆಯಾಗುವ ಅಕ್ಷರಗಳು ಮಾತ್ರ ನಾಲ್ಕೇ: ಎ, ಟಿ, ಜಿ, ಸಿ. ಈ ಪುಸ್ತಕವನ್ನು ಓದುವ ಅಂತರರಾಷ್ಟ್ರೀಯ ಯೋಜನೆ 1990ರಲ್ಲಿ ಆರಂಭವಾಗಿ 2003ರಲ್ಲಿ ಮುಗಿಯಿತು ಎಂದು ಸಾರಲಾಯಿತು. ಹದಿಮೂರು ವರ್ಷ ಹಿಡಿದ ಆ ಓದನ್ನು ಇಂದಿನ ಯಂತ್ರಗಳು ಕೆಲವೇ ದಿನಗಳಲ್ಲಿ ಮಾಡಿಬಿಡುತ್ತವೆ.

ಆದರೆ ಯಂತ್ರ ಓದುತ್ತದೆಯೇ ಹೊರತು ಅರ್ಥ ಹೇಳುವುದಿಲ್ಲ. ಯಾರೇ ಒಬ್ಬರ ಪಠ್ಯವನ್ನು ಪ್ರಮಾಣಿತ ಪಠ್ಯದ ಪಕ್ಕ ಇಟ್ಟು ನೋಡಿದರೆ 40ರಿಂದ 50 ಲಕ್ಷ ಕಡೆಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಇವುಗಳಲ್ಲಿ ಬಹುಪಾಲು ನಿರುಪದ್ರವಿ. ಆದರೆ ಎಲ್ಲೋ ಒಂದು ಅಕ್ಷರ ಬದಲಾದರೆ ಬದುಕೇ ಬದಲಾಗುವುದೂ ಉಂಟು. ಹಿಮೋಗ್ಲೋಬಿನ್ನಿನ ವಂಶವಾಹಿಯಲ್ಲಿ ‘ಎ’ ಇರಬೇಕಾದ ಒಂದು ಕಡೆ ‘ಟಿ’ ಬಂದು, ಆ ದೋಷವಿರುವ ಪ್ರತಿ ತಾಯಿ ತಂದೆ ಇಬ್ಬರಿಂದಲೂ ಮಗುವಿಗೆ ಬಂದರೆ, ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಕುಡುಗೋಲು ಕಣ ರೋಗ ಎಂದು ಕರೆಯುವುದು ಇದನ್ನೇ.

ಲಕ್ಷಾಂತರ ವ್ಯತ್ಯಾಸಗಳನ್ನು ಕಂಪ್ಯೂಟರು ಸೋಸಿ ಕೆಲವಕ್ಕೆ ಇಳಿಸುತ್ತದೆ. ಆ ಮೇಲಿನದು ಮನುಷ್ಯರ ಕೆಲಸ. ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದುವವರಿದ್ದಂತೆ ಇಲ್ಲಿಯೂ ಒಬ್ಬರು ಕುಳಿತು, ಪ್ರತಿ ವ್ಯತ್ಯಾಸದ ಬಗ್ಗೆ ಹಿಂದೆ ಯಾರು ಏನು ಬರೆದಿದ್ದಾರೆ ಎಂದು ಸಂಶೋಧನ ಲೇಖನಗಳನ್ನು ಹುಡುಕಿ, ಪುರಾವೆಗಳನ್ನು ತೂಗಿ, ಐದು ಗುಂಪುಗಳಲ್ಲಿ ಒಂದಕ್ಕೆ ಸೇರಿಸಬೇಕು. ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಖಚಿತವಾಗಿಲ್ಲದ್ದು, ಬಹುಶಃ ನಿರುಪದ್ರವಿ, ನಿರುಪದ್ರವಿ. ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಈ ವಿಂಗಡಣೆಯ ನಿಯಮಗಳನ್ನು ಅನೇಕ ದೇಶಗಳು ಅನುಸರಿಸುತ್ತಿವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರಿಶೀಲಿಸಿ, ಕೊನೆಗೆ ಹೊಣೆ ಹೊತ್ತ ತಜ್ಞರು ಸಹಿ ಹಾಕುತ್ತಾರೆ.

ಮಗಳು ಇದನ್ನು ವಿವರಿಸಿದಾಗ ತಂದೆಗೆ ಥಟ್ಟನೆ ತಮ್ಮ ಮೈಕ್ರೋಮೀಟರು ನೆನಪಾಯಿತು. ‘ನಮ್ಮಲ್ಲೂ ಹಾಗೇ. ಕೂದಲೆಳೆಯಷ್ಟು ಹೆಚ್ಚಾದ್ರೂ ಇನ್ಸ್‌ಪೆಕ್ಷನ್ನಿನವರು ಪೀಸ್ ವಾಪಸ್ ಕಳಿಸೋರು’ ಎಂದರು. ಮಗಳ ಕೆಲಸವೂ ಒಂದು ಕೆಲಸವೇ ಎಂದು ಅವರಿಗೆ ಅನ್ನಿಸತೊಡಗಿದ್ದು ಅಲ್ಲಿಂದ ಮುಂದೆ.

ದೂರದಿಂದ ದುಡಿದವರು

ಮಾದರಿ ಒಂದು ಕಡೆ, ಓದುವವರು ಇನ್ನೊಂದು ಕಡೆ ಇರುವ ಈ ಪದ್ಧತಿ ಕೊರೋನಾ ಕಾಲದಲ್ಲಿ ಹುಟ್ಟಿದ್ದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ 2002ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯ ತರುಣರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರೊಂದಿಗೆ ಸೇರಿ, ಸಾವಿರಾರು ಲೇಖನಗಳನ್ನು ಓದಿ, ಮನುಷ್ಯನ ಪ್ರೋಟೀನುಗಳ ಒಂದು ಮಾಹಿತಿಕೋಶವನ್ನು ಕಟ್ಟಿದರು. ಇದೇ ಜೊತೆಗಾರಿಕೆಯಿಂದ 2014ರಲ್ಲಿ 17,294 ವಂಶವಾಹಿಗಳಿಗೆ ಸೇರಿದ ಪ್ರೋಟೀನುಗಳ ನಕ್ಷೆಯೊಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ವಿದ್ಯಾರ್ಥಿಗಳು ತಿಳಿಯಬೇಕಾದ ಇನ್ನೊಂದು ಪ್ರಸಂಗವಿದೆ. ಕ್ಷಯರೋಗದ ಬ್ಯಾಕ್ಟೀರಿಯಾದ ಸುಮಾರು 44 ಲಕ್ಷ ಅಕ್ಷರಗಳ ಪಠ್ಯ 1998ರಲ್ಲೇ ಸಿಕ್ಕಿತ್ತು. ಆದರೆ ಅದರ ಸುಮಾರು 4,000 ವಂಶವಾಹಿಗಳಲ್ಲಿ ಅನೇಕವುಗಳ ಕೆಲಸವೇನೆಂದು ತಿಳಿದಿರಲಿಲ್ಲ. ಆಗ ಸಿ.ಎಸ್.ಐ.ಆರ್. ಮುಖ್ಯಸ್ಥರಾಗಿದ್ದ, ಅದಕ್ಕೂ ಮೊದಲು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದ ಸಮೀರ್ ಬ್ರಹ್ಮಚಾರಿಯವರ ಮುಂದಾಳುತನದಲ್ಲಿ, ದೇಶದ ನಾನಾ ಕಡೆಯ ನೂರಾರು ವಿದ್ಯಾರ್ಥಿಗಳು 2009-10ರಲ್ಲಿ ತಾವಿದ್ದಲ್ಲಿಂದಲೇ ಇಂಟರ್‌ನೆಟ್ ಮೂಲಕ ಆ ಕೆಲಸ ಹಂಚಿಕೊಂಡರು. ಓದಿದ್ದನ್ನು ದಾಖಲಿಸುವ ಶಿಸ್ತಿದ್ದರೆ ದೂರ ಅಡ್ಡಿಯಲ್ಲ ಎಂದು ಅಂದೇ ತೋರಿತು.

ಗಡಿಯಾರದ ಲೆಕ್ಕ

ಇನ್ನು ಹಗಲು ರಾತ್ರಿಯ ಪ್ರಶ್ನೆ. ದೂರವಾಣಿಯಲ್ಲಿ ಉತ್ತರಿಸುವ ಕೆಲಸಕ್ಕೆ ಕರೆ ಮಾಡುವವರ ಹಗಲೇ ಬೇಕು. ಕಾಲ್ ಸೆಂಟರುಗಳ ರಾತ್ರಿ ಪಾಳಿ ಬಂದದ್ದು ಹಾಗೆ. ಅಕ್ಷರ ಓದುವ ಕೆಲಸಕ್ಕೆ ಆ ಕಟ್ಟಿಲ್ಲ. ಅಲ್ಲಿನ ಯಂತ್ರ ಸಂಜೆ ಕಳಿಸಿದ ಕಡತವನ್ನು ಇಲ್ಲಿ ಬೆಳಿಗ್ಗೆ ಬಿಚ್ಚಬಹುದು. ಅವರು ಮಲಗಿ ಏಳುವಷ್ಟರಲ್ಲಿ ವರದಿ ಸಿದ್ಧ. ನಮ್ಮ ದೇಶದ ಆಸ್ಪತ್ರೆಗಳ ಮಾದರಿಗಳಾದರೆ ಈ ತಾಪತ್ರಯವೇ ಇಲ್ಲ.

ಆದರೂ ಕೆಲಸ ಒಪ್ಪುವ ಮುನ್ನ ಒಂದು ಲೆಕ್ಕ ಮಾಡಿಕೊಳ್ಳಬೇಕು. ಚರ್ಚೆಗೆ ಕೂರುವ ಮೇಲಿನವರು ಎಲ್ಲಿದ್ದಾರೆ? ಲಂಡನ್ನಿನಲ್ಲಿ ಬೆಳಗಿನ ಒಂಬತ್ತು ಎಂದರೆ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ, ತೊಂದರೆಯಿಲ್ಲ. ಬಾಸ್ಟನ್ನಿನ ಒಂಬತ್ತು ಗಂಟೆ ಇಲ್ಲಿ ಸಂಜೆ ಆರೂವರೆ ಅಥವಾ ಏಳೂವರೆ. ವಾರಕ್ಕೊಂದೆರಡು ದಿನ ಹೊಂದಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದವರ ಒಂಬತ್ತು ಗಂಟೆ ಇಲ್ಲಿನ ರಾತ್ರಿ ಒಂಬತ್ತೂವರೆ ಅಥವಾ ಹತ್ತೂವರೆ. ‘ಹಗಲು ಕೆಲಸ’ ಎಂದು ಬಾಯಲ್ಲಿ ಹೇಳಿ ದಿನವೂ ರಾತ್ರಿ ಹತ್ತಕ್ಕೆ ಸಭೆಗೆ ಕರೆದರೆ ಅದು ರಾತ್ರಿ ಪಾಳಿಯೇ. ವೇಳೆಯನ್ನು ನೇಮಕದ ಪತ್ರದಲ್ಲಿ ಬರೆಸಿಕೊಳ್ಳುವುದು ಜಾಣತನ.

ಹಗಲು ಮನೆಯವರ ನೆಮ್ಮದಿಗೆ ಮಾತ್ರ ಬೇಕಾದದ್ದಲ್ಲ, ಕೆಲಸಕ್ಕೇ ಬೇಕಾದದ್ದು. ಬಸವೇಶ್ವರನಗರದ ಆ ಮಗಳಿಗೆ ಒಂದು ಸಂಜೆ ಆರು ಗಂಟೆಯ ಹೊತ್ತಿಗೆ ಒಂದು ಮಗುವಿನ ಕಡತ ಬಂತು. ಕಾಯಿಲೆಗೆ ಹೊಂದುವ ವಂಶವಾಹಿಯಲ್ಲೇ ಒಂದು ವ್ಯತ್ಯಾಸ. ಹೊರದೇಶದ ಹಳೆಯ ಲೇಖನವೊಂದು ಅದನ್ನು ರೋಗಕಾರಕವೆಂದೇ ಬರೆದಿತ್ತು. ಒಂದು ಗಂಟೆ ಹೆಚ್ಚು ಕುಳಿತರೆ ಮುಗಿಸಿಬಿಡಬಹುದಿತ್ತು. ಕಣ್ಣು ಸೋತಿತ್ತು; ಹಾಗೆಯೇ ಮುಚ್ಚಿಟ್ಟು ಎದ್ದಳು. ಮರುದಿನ ಬೆಳಿಗ್ಗೆ ನಮ್ಮ ದೇಶದವರ ಮಾಹಿತಿಯನ್ನು ತೆಗೆದು ನೋಡಿದರೆ, ಆರೋಗ್ಯವಾಗಿರುವ ಅನೇಕರಲ್ಲಿಯೂ ಅದೇ ವ್ಯತ್ಯಾಸವಿತ್ತು. ಕಾಯಿಲೆಗೆ ಕಾರಣ ಅದಲ್ಲ; ಬೇರೆ ಕಡೆ ಹುಡುಕಬೇಕು ಎಂದಾಯಿತು.

‘ಯಾರ ಮಗು ಅದು?’ ಎಂದು ತಂದೆ ಕೇಳಿದರು.

‘ಗೊತ್ತಿಲ್ಲ ಅಪ್ಪ. ನಮಗೆ ನಂಬರ್ ಮಾತ್ರ ಬರುತ್ತೆ. ಹೆಸರು ಗೊತ್ತಾಗಲೂಬಾರದು.’

ಹಿಂದಿನ ಸಂಜೆಯೇ ‘ರೋಗಕಾರಕ’ ಎಂದು ಬರೆದು, ಪರಿಶೀಲಿಸುವವರ ಕಣ್ಣೂ ತಪ್ಪಿದ್ದರೆ? ಆ ತಂದೆತಾಯಿ ಮುಂದಿನ ಮಗುವಿನ ಬಗ್ಗೆ ತಪ್ಪು ಆಧಾರದ ಮೇಲೆ ತೀರ್ಮಾನ ಮಾಡುತ್ತಿದ್ದರು. ನಮ್ಮವರದೇ ಮಾಹಿತಿ ಏಕೆ ಬೇಕು ಎಂಬುದಕ್ಕೂ ಇದೇ ಉತ್ತರ. 2020ರಲ್ಲಿ ಆರಂಭವಾದ ‘ಜೀನೋಮ್ ಇಂಡಿಯಾ’ ಯೋಜನೆಯಲ್ಲಿ 20 ಸಂಸ್ಥೆಗಳು ಸೇರಿ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದವು. ಅದನ್ನು ಒಗ್ಗೂಡಿಸಿದ್ದು ರಾಜಾಜಿನಗರಕ್ಕೆ ಕೂಗಳತೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ದೊರೆಯುವಂತಾಯಿತು.

ಮನೆಗೆ ಬಾರದ ಕೆಲಸ

ತಳಿವಿಜ್ಞಾನವೆಲ್ಲ ಮನೆಗೆ ಬರುತ್ತದೆ ಎಂದು ಯಾರೂ ಭಾವಿಸಬಾರದು. ರಕ್ತದ ಮಾದರಿ ಸ್ವೀಕರಿಸುವುದು, ಡಿ.ಎನ್.ಎ. ಬೇರ್ಪಡಿಸುವುದು, ಜೀವಕೋಶ ಬೆಳೆಸುವುದು, ಯಂತ್ರ ನಡೆಸುವುದು ಇವೆಲ್ಲ ಪ್ರಯೋಗಾಲಯದ ಕೆಲಸಗಳೇ. ಇದನ್ನು ಕೈಯಾರೆ ಮಾಡದವರಿಗೆ ವರದಿಯಲ್ಲಿನ ದೋಷ ಯಂತ್ರದ್ದೋ, ಮಾದರಿಯದೋ, ನಿಜವಾಗಿಯೂ ರೋಗಿಯದೋ ಎಂದು ಗುರುತಿಸುವುದು ಕಷ್ಟ. ಆದ್ದರಿಂದ ಮೊದಲ ಎರಡು ಮೂರು ವರ್ಷ ಪ್ರಯೋಗಾಲಯದಲ್ಲಿ ಹಿರಿಯರ ಪಕ್ಕದಲ್ಲಿ ಕಳೆಯುವುದೇ ಒಳ್ಳೆಯದು. ದಾರಿಯ ಕಷ್ಟವೂ ಈಗ ಮೊದಲಿನಷ್ಟಿಲ್ಲ. 2023ರ ಅಕ್ಟೋಬರಿನಿಂದ ಕೆಂಗೇರಿ, ವಿಜಯನಗರದವರು ಒಂದೇ ಮೆಟ್ರೋ ರೈಲಿನಲ್ಲಿ ವೈಟ್‌ಫೀಲ್ಡ್ ತಲುಪಬಹುದು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ರಾಜಾಜಿನಗರದವರು ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿ ಎಲೆಕ್ಟ್ರಾನಿಕ್ಸ್ ಸಿಟಿಗೂ ಹೋಗಬಹುದು.

ಮನೆಯವರ ಪಾಲಿನ ಕರ್ತವ್ಯವೂ ಒಂದಿದೆ. ಕಂಪ್ಯೂಟರಿನಲ್ಲಿ ಇರುವುದು ಯಾರದೋ ವಂಶದ ಗುಟ್ಟು. ಕೋಣೆಗೆ ಬಾಗಿಲಿರಬೇಕು, ಪರದೆಯ ಚಿತ್ರ ತೆಗೆಯಬಾರದು, ಮನೆಗೆ ಬಂದವರೆದುರು ಅದರ ಮಾತು ಕೂಡದು. ‘ಹೇಗೂ ಮನೇಲೇ ಇದ್ದೀಯಲ್ಲ, ಗ್ಯಾಸಿನವರು ಬರ್ತಾರೆ ನೋಡ್ಕೋ, ಅಂಗಡಿಗೆ ಹೋಗಿ ಬಾ’ ಎನ್ನುವ ರೂಢಿಯನ್ನೂ ಬಿಡಬೇಕು. ಹೆಣ್ಣುಮಕ್ಕಳಿಗೆ ಈ ಮಾತು ಹೆಚ್ಚು ಬೀಳುತ್ತದೆ. ‘ಏನ್ರೀ, ಮಗಳು ಇನ್ನೂ ಮನೇಲೇ ಇದ್ದಾಳಾ?’ ಎಂದು ಪಕ್ಕದ ಮನೆಯವರು ಕೇಳಿದಾಗ ಬಸವೇಶ್ವರನಗರದ ಆ ತಾಯಿ ಮೊದಮೊದಲು ತಡವರಿಸುತ್ತಿದ್ದರು. ಈಗ ‘ಡ್ಯೂಟಿಯಲ್ಲಿದ್ದಾಳೆ, ಆರು ಗಂಟೆಗೆ ಬರ್ತಾಳೆ’ ಎಂದು ಕೋಣೆಯ ಬಾಗಿಲು ತೋರಿಸುತ್ತಾರೆ.

ಕನ್ನಡಕ್ಕೂ ಇಲ್ಲಿ ಕೆಲಸವಿದೆ

ಅಂಕಿ ಅಕ್ಷರಗಳಿಗಿಂತ ಜನರೊಡನೆ ಮಾತಾಡುವುದು ಇಷ್ಟವಿರುವವರಿಗೆ ತಳಿ ಸಲಹೆಗಾರರ ವೃತ್ತಿ ಇದೆ. ಪರೀಕ್ಷೆಯ ಮುನ್ನ ಕುಟುಂಬದ ಮೂರು ತಲೆಮಾರಿನ ವಿವರ ಪಡೆಯುವುದು, ಪರೀಕ್ಷೆಯ ಬಳಿಕ ವರದಿಯ ಅರ್ಥವನ್ನು ವೈದ್ಯರ ಜೊತೆಗೂಡಿ ತಿಳಿಹೇಳುವುದು ಇವರ ಕೆಲಸ. ಇದರಲ್ಲಿ ಸಾಕಷ್ಟನ್ನು ದೂರದಿಂದಲೂ ಮಾಡಬಹುದು. ಕಾನೂನಿನ ಗಡಿ ಮಾತ್ರ ಸ್ಪಷ್ಟವಾಗಿ ತಿಳಿದಿರಬೇಕು. 1994ರ ಕಾಯ್ದೆಯ ಪ್ರಕಾರ ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ತಿಳಿಸುವುದು ಅಪರಾಧ. ಆ ಕಾಯ್ದೆಯ ವ್ಯಾಪ್ತಿಗೆ ಬರುವ ತಳಿ ಸಲಹಾ ಕೇಂದ್ರಗಳಿಗೆ ನೋಂದಣಿ ಕಡ್ಡಾಯ.

ಕರ್ನಾಟಕದಲ್ಲಿ ಈ ಸಲಹೆಯ ಅಗತ್ಯ ಬಹಳ. ಸೋದರಮಾವನಿಗೆ ಕೊಡುವ, ಅತ್ತೆಯ ಮಗನಿಗೆ ಕೊಡುವ ಸಂಬಂಧಗಳು ನಮ್ಮಲ್ಲಿ ಇನ್ನೂ ಇವೆ. ಇಂಥ ಕಡೆ ಒಂದೇ ದೋಷವಿರುವ ಎರಡು ಪ್ರತಿಗಳು ಮಗುವಿನಲ್ಲಿ ಸೇರುವ ಸಂಭವ ಹೆಚ್ಚು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಮೂಳೆ ಕೀಲುಗಳ ಕಾಯಿಲೆ ವಂಶದಲ್ಲಿ ಹರಿದು ಬರುವಂಥದ್ದು. 2023ರಲ್ಲಿ ಆರಂಭವಾದ ಕುಡುಗೋಲು ಕಣ ರೋಗ ನಿರ್ಮೂಲನ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಚಾಮರಾಜನಗರದ ಹಾಡಿಯ ತಾಯಿಗೆ ‘ನೀವು ವಾಹಕರು, ರೋಗಿಯಲ್ಲ’ ಎಂಬುದನ್ನು ಅವರ ಮನಸ್ಸಿಗೆ ನಾಟುವಂತೆ, ಭಯಪಡಿಸದೆ ಹೇಳಲು ಇಂಗ್ಲಿಷಿನ ಪದವಿಯೊಂದೇ ಸಾಲದು. ಕನ್ನಡ ಬಲ್ಲವರೇ ಬೇಕು. ವಿಜಯನಗರದ ಕೋಣೆಯೊಂದರಲ್ಲಿ ಕುಳಿತು ಹಗಲು ಹೊತ್ತಿನಲ್ಲೇ ಮಾಡಬಹುದಾದ ಕೆಲಸವಿದು.

ಓದುವವರಿಗೆ

ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವರು ವೈದ್ಯಕೀಯ ಸೀಟು ಸಿಗದಿದ್ದರೆ ಬಾಗಿಲೇ ಮುಚ್ಚಿತೆಂದು ಕುಗ್ಗಬೇಕಾಗಿಲ್ಲ. ಬಿ.ಎಸ್ಸಿ.ಯಲ್ಲಿ ಜೈವಿಕ ತಂತ್ರಜ್ಞಾನ, ತಳಿವಿಜ್ಞಾನ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಯಾವುದಾದರೂ ಸರಿ. ಜೊತೆಗೆ ಸಂಖ್ಯಾಶಾಸ್ತ್ರವನ್ನು ಬಿಡಬಾರದು. ಎಂ.ಎಸ್ಸಿ.ಗೆ ಜ್ಞಾನಭಾರತಿ ಆವರಣ ಮನೆಯ ಹತ್ತಿರವೇ ಇದೆ. ಹೊರಗಿನ ವಿಶ್ವವಿದ್ಯಾಲಯಗಳಿಗೆ ‘ಗ್ಯಾಟ್-ಬಿ’, ‘ಜ್ಯಾಮ್’ ಪರೀಕ್ಷೆಗಳಿವೆ. ಎಲೆಕ್ಟ್ರಾನಿಕ್ಸ್ ಸಿಟಿಯ ‘ಐಬ್ಯಾಬ್’ ಸಂಸ್ಥೆ ಜೈವಿಕ ಮಾಹಿತಿ ವಿಜ್ಞಾನವನ್ನೇ ಕಲಿಸುತ್ತದೆ. ಪೈಥಾನ್, ಲಿನಕ್ಸ್ ಇವುಗಳ ಮೊದಲ ಪಾಠಗಳು ಸ್ವಯಂ, ಎನ್‌ಪಿಟೆಲ್‌ಗಳಲ್ಲಿ ಹಣವಿಲ್ಲದೆ ದೊರೆಯುತ್ತವೆ. ಮನೆಯಲ್ಲಿ ಗದ್ದಲವಾದರೆ ಹಂಪಿನಗರದ ಗ್ರಂಥಾಲಯ ಇದ್ದೇ ಇದೆ.

ತಾಯಿತಂದೆಯರು ‘ಸಂಬಳ ಎಷ್ಟು’ ಎಂದು ಕೇಳುವುದು ಸಹಜ. ಅದರ ಜೊತೆಗೆ ಇನ್ನೂ ಮೂರು ಪ್ರಶ್ನೆಗಳನ್ನು ಮಕ್ಕಳಿಗೆ ಹೇಳಿಕೊಟ್ಟು ಸಂದರ್ಶನಕ್ಕೆ ಕಳಿಸಬಹುದು: ನಾನು ಬರೆದದ್ದನ್ನು ಪರಿಶೀಲಿಸುವವರು ಯಾರು? ಮೊದಲ ವರ್ಷ ಕಲಿಸುವವರು ಯಾರು? ನನ್ನ ಪಾಳಿ ಎಷ್ಟು ಗಂಟೆಗೆ ಮುಗಿಯುತ್ತದೆ? ಈ ಮೂರಕ್ಕೂ ನೇರ ಉತ್ತರ ಕೊಡುವ ಕಡೆ ಧೈರ್ಯವಾಗಿ ಸೇರಬಹುದು.