ಎಂಟು ಗೋಲು



ಬೀರು ಕ್ಲೀನ್ ಮಾಡುವಾಗ 2022ರ ಕ್ಯಾಲೆಂಡರಿನ ಒಂದು ಹಾಳೆ ಸಿಕ್ತು. ಅದರ ಹಿಂಬದಿಯಲ್ಲಿ ನಾನೂ ಮಗಳೂ ಕತಾರ್ ವಿಶ್ವಕಪ್ಪಿನ ಗೋಲುಗಳ ಲೆಕ್ಕ ಬರೆದಿದ್ದೆವು. ಗುಮಾಸ್ತನ ಬುದ್ಧಿ ಎಲ್ಲಿ ಹೋಗುತ್ತೆ? ಕ್ರಮ ಸಂಖ್ಯೆ, ಹೆಸರು, ದೇಶ, ಗೋಲು, ಕೊನೆಗೆ ಷರಾ!

ಫೈನಲ್ ಹೊತ್ತಿಗೆ ಮೆಸ್ಸಿ 5, ಎಂಬಾಪೆ 5. ಹಿಂದೆಯೇ 4 ಗೋಲಿನ ಜಿರೂ, ಅಲ್ವಾರೆಜ್. ಆಫೀಸಲ್ಲಿ ಎಲ್ಲರೂ ಮೆಸ್ಸಿ ಕಡೆ. ನನಗೂ ಮೆಸ್ಸಿ ಅಂದ್ರೆ ಇಷ್ಟವೇ. ಆದರೆ ಶನಿವಾರ ಟೀ ಹೊತ್ತಲ್ಲಿ ಸಹೋದ್ಯೋಗಿಯೊಬ್ಬರು, "ಅದೆಂಥ ಫ್ರಾನ್ಸ್ ಟೀಮ್ ರೀ, ಎಲ್ಲಾ ಆಫ್ರಿಕಾದೋರೇ. ಅಲ್ಲೂ ರಿಸರ್ವೇಶನ್ ಇದೆಯಾ?" ಅಂದರು. ಎಲ್ಲರೂ ನಕ್ಕರು. ನಗ್ತಾ ನಗ್ತಾ ಒಂದು ಸಲ ನನ್ನ ಕಡೆ ನೋಡಿದರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಆ ನೋಟ ನನಗೆ ಚೆನ್ನಾಗಿ ಗೊತ್ತು.

ಆ ಕ್ಷಣದಿಂದ ನಾನು ಎಂಬಾಪೆ ಕಡೆ.

ಪ್ಯಾರಿಸ್ ಪಕ್ಕದ ಬೋಂಡಿಯಲ್ಲಿ ಬೆಳೆದ ಹುಡುಗ. ಅಪ್ಪನ ಮೂಲ ಕ್ಯಾಮರೂನ್, ಅಮ್ಮನದು ಅಲ್ಜೀರಿಯಾ. 2018ರ ಫೈನಲ್‌ನಲ್ಲಿ ಗೋಲು ಹೊಡೆದಾಗ ಫ್ರಾನ್ಸಿನ ಹೆಮ್ಮೆ. 2021ರ ಯೂರೋದಲ್ಲಿ ಸ್ವಿಟ್ಜರ್ಲೆಂಡ್ ಎದುರು ಒಂದೇ ಒಂದು ಪೆನಾಲ್ಟಿ ಕೈತಪ್ಪಿದಾಗ ಅವನ ಬಣ್ಣ ಹಿಡಿದು ಬೈದರು. ಅದೇ ವರ್ಷ ನಮ್ಮಲ್ಲೇನಾಯ್ತು? ವಂದನಾ ಕಟಾರಿಯಾ ಟೋಕಿಯೋದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹ್ಯಾಟ್ರಿಕ್ ಹೊಡೆದಳು. ಒಲಿಂಪಿಕ್ಸ್ ಹಾಕಿಯಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ಹ್ಯಾಟ್ರಿಕ್ ಅದು. ತಂಡ ಸೆಮಿಫೈನಲ್ ಸೋತ ಮೇಲೆ ಹರಿದ್ವಾರದ ಹತ್ತಿರ ಅವಳ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಎತ್ತಿ ಬೈದರು.

ಗೋಲಿನ ಪಟ್ಟಿ ನನಗ್ಯಾಕೆ ಇಷ್ಟ ಅಂದ್ರೆ, ಅದರಲ್ಲಿ ಸಂದರ್ಶನದ ಅಂಕ ಇಲ್ಲ. ಚೆಂಡು ಗೆರೆ ದಾಟಿದರೆ ಒಂದು. ಯಾರ ಮಗ, ಯಾವ ಕೇರಿ ಕೇಳಲ್ಲ. ಸಮ ಆದ್ರೂ ನಿಯಮ ಇದೆ: ಮೊದಲು ಅಸಿಸ್ಟ್ ನೋಡ್ತಾರೆ, ಆಮೇಲೆ ಯಾರು ಕಡಿಮೆ ನಿಮಿಷ ಆಡಿದ್ದಾರೆ ಅಂತ. (ನಮ್ಮ ಬಡ್ತಿ ಪಟ್ಟಿ ಇಷ್ಟು ಸ್ಪಷ್ಟ ಇದ್ದಿದ್ರೆ!)

ಡಿಸೆಂಬರ್ 18, ಭಾನುವಾರ ರಾತ್ರಿ. 23ನೇ ನಿಮಿಷಕ್ಕೆ ಮೆಸ್ಸಿ ಪೆನಾಲ್ಟಿ. ಆರು. ಎಂಬಾಪೆ ಮೈದಾನದಲ್ಲಿ ಇದ್ದಾನೋ ಇಲ್ಲವೋ ಅನ್ನೋ ಹಾಗಿತ್ತು. ಮಗಳು ಪೆನ್ನು ಕೆಳಗಿಟ್ಟು ತೂಕಡಿಸ್ತಿದ್ಲು. 80ಕ್ಕೆ ಅವನ ಪೆನಾಲ್ಟಿ, ಮರುನಿಮಿಷವೇ ಇನ್ನೊಂದು! ನಾನು ಕೂಗಿದ್ದಕ್ಕೆ ಪಕ್ಕದ ಮನೆ ಲೈಟ್ ಹತ್ತಿತು. 108ಕ್ಕೆ ಮೆಸ್ಸಿ, ಏಳು-ಏಳು. 118ಕ್ಕೆ ಮತ್ತೆ ಎಂಬಾಪೆ. ಎಂಟು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ 1966ರ ಜೆಫ್ ಹರ್ಸ್ಟ್ ಬಿಟ್ಟರೆ ಹ್ಯಾಟ್ರಿಕ್ ಇವನದೇ.

ಶೂಟೌಟ್‌ನಲ್ಲಿ ಫ್ರಾನ್ಸ್ ಸೋತಿತು. ಪೆನಾಲ್ಟಿ ತಪ್ಪಿದ ಕೋಮಾನ್, ಚುವಾಮೆನಿ ಇಬ್ಬರಿಗೂ ಆನ್‌ಲೈನ್‌ನಲ್ಲಿ ಅದೇ ಹಳೇ ಬೈಗುಳ. ಎಂಬಾಪೆ ಚಿನ್ನದ ಬೂಟು ಹಿಡಿದು ಕಪ್ಪಿನ ಪಕ್ಕದಲ್ಲೇ ನಡೆದುಹೋದ.

"ಎಂಟು ಹೊಡೆದ್ರೂ ಯಾಕಪ್ಪಾ ಅವನು ನಗ್ತಿಲ್ಲ?" ಅಂದಳು ಮಗಳು.

"ಸೋತ ಅಲ್ವೇನಮ್ಮ" ಅಂದೆ. ಬೇರೇನೂ ಹೇಳೋಕೆ ಆಗಲಿಲ್ಲ.

ಸೋಮವಾರ ಅದೇ ಸಹೋದ್ಯೋಗಿ, "ಏನ್ರೀ, ನಿಮ್ಮೋನು ಸೋತ್ನಲ್ಲ?" ಅಂದರು. ಆ "ನಿಮ್ಮೋನು" ಚೆನ್ನಾಗೇ ಕೇಳಿಸ್ತು.

"ಎಂಟು ಗೋಲು ಸಾರ್" ಅಂದು ಟಪಾಲು ನೋಡೋಕೆ ಕೂತೆ.