ಭೀಮೆಯಾಚೆಯ ಪರದೇಶ

ಗಾಣಗಾಪುರದ ಸಂಗಮದಲ್ಲಿ ಕ್ಷಣಕಾಲ ನಿಂತು ಆಲಿಸಿದರೆ ಕನ್ನಡದೊಡನೆ ಮರಾಠಿಯೂ ಧಾರಾಳವಾಗಿ ಕಿವಿಗೆ ಬೀಳುತ್ತದೆ. ನರಸಿಂಹ ಸರಸ್ವತಿಗಳ ಪಾದುಕೆಗಳ ದರ್ಶನಕ್ಕೆಂದು ಬಂದ ಮಹಾರಾಷ್ಟ್ರದ ಯಾತ್ರಿಕರು ಮಿಂದು, ಒದ್ದೆ ಬಟ್ಟೆಯಲ್ಲಿಯೇ ಮೆಟ್ಟಿಲೇರುತ್ತಿರುತ್ತಾರೆ. ಇಲ್ಲಿ ಭೀಮೆಯನ್ನು ಕೂಡುವ ಅಮರ್ಜೆಯು ಆಳಂದ ತಾಲೂಕಿನಿಂದ ಇಳಿದು ಬಂದವಳು. ಭೀಮೆಯಾದರೋ ದೂರದ ಸಹ್ಯಾದ್ರಿಯ ಮಗಳು. ಕೂಡಿದ ನೀರು ಅಫಜಲಪುರದ ಸೀಮೆಯನ್ನು ದಾಟಿ, ಕಟ್ಟಿಸಂಗಾವಿಯ ಸೇತುವೆಯ ಕೆಳಗೆ ಹಾದು, ಜೇವರ್ಗಿಯ ಕರಿಮಣ್ಣಿನ ಹೊಲಗಳನ್ನು ಬಳಸಿಕೊಂಡು ಕೃಷ್ಣೆಯತ್ತ ಸಾಗುತ್ತದೆ. ಜೋಳ, ತೊಗರಿಗಳ ಈ ಬಯಲುಸೀಮೆಯ ಮೂರು ತಾಲೂಕುಗಳನ್ನು ಒಂದು ದಾರದಲ್ಲಿ ಪೋಣಿಸಿದ್ದು ಈ ನೀರೇ.

ಅಫಜಲಪುರದ ದಂಡೆಯಲ್ಲಿ ನಿಂತವನಿಗೆ ಇಂದು ಎದುರಿಗೆ ಕಾಣುವುದು ವಿಜಯಪುರ ಜಿಲ್ಲೆ. ಆದರೆ 1948ರ ಸೆಪ್ಟೆಂಬರ್ 17ರವರೆಗೆ ಈಚೆಯ ದಡ ಹೈದರಾಬಾದಿನ ನಿಜಾಮರದು. ಆಚೆಯ ದಡ 1947ರವರೆಗೂ ಬ್ರಿಟಿಷರ ಮುಂಬಯಿ ಇಲಾಖೆಯದು. ಈಚೆಗೆ ಒಂದು ನಾಣ್ಯ, ಆಚೆಗೆ ಇನ್ನೊಂದು. ನಡುವೆ ಸುಂಕದ ಕಟ್ಟೆ. ಎರಡೂ ಕಡೆ ಅದೇ ಜೋಳದ ರೊಟ್ಟಿ, ಅದೇ ಶೇಂಗಾ ಹಿಂಡಿ, ಅದೇ ಮಾತು. ಆದರೂ ಆಚೆಯದು ಪರದೇಶ.

ವಿದ್ಯೆಗಾಗಿ ಪರದೇಶಕ್ಕೆ ಹೋಗುವುದೆಂದರೆ ಹಡಗೋ ವಿಮಾನವೋ ಕಣ್ಣ ಮುಂದೆ ಬರುವುದು ಸಹಜ. ಹೈದರಾಬಾದು ಸಂಸ್ಥಾನದಿಂದಲೂ ಹಾಗೆ ಹೋದವರು ಇದ್ದರು. ಮುಂದೆ ಸರೋಜಿನಿ ನಾಯಿಡು ಎಂದು ಪ್ರಸಿದ್ಧರಾದ ಕನ್ಯೆಯು ನಿಜಾಮರ ವಿದ್ಯಾರ್ಥಿವೇತನ ಪಡೆದು 1895ರಲ್ಲಿ ಇಂಗ್ಲೆಂಡಿಗೆ ತೆರಳಿದರು; ಲಂಡನ್ನಿನ ಕಿಂಗ್ಸ್ ಕಾಲೇಜು, ಕೇಂಬ್ರಿಜಿನ ಗರ್ಟನ್ ಕಾಲೇಜುಗಳಲ್ಲಿ ಓದಿದರು. ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಎಡಿನ್‌ಬರೋದಲ್ಲಿ ಪದವಿ ಪಡೆದ ವಿದ್ವಾಂಸರು. ಆ ಭಾಗ್ಯ ರಾಜಧಾನಿಯ ದೊಡ್ಡ ಮನೆಗಳದು. ಆಳಂದದ ಒಕ್ಕಲಿನ ಮಗನಿಗೆ ಲಂಡನ್ನು ಪುರಾಣದ ಕ್ಷೀರಸಾಗರದಷ್ಟೇ ದೂರ. ಅವನ ಪರದೇಶಗಳು ಎರಡೇ: ಪಶ್ಚಿಮಕ್ಕೆ ಸೊಲ್ಲಾಪುರ, ಪೂರ್ವಕ್ಕೆ ಹೈದರಾಬಾದು.

ಅವನು ಹೊರಟದ್ದು ವಿಶಾಲ ದೃಷ್ಟಿಯನ್ನು ಅರಸಿ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸಂಸ್ಥಾನದ ಪ್ರೌಢಶಿಕ್ಷಣ ಬಹುಮಟ್ಟಿಗೆ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲವದು, ಶಾಲೆಗಳೂ ವಿರಳ. ಬುತ್ತಿಯ ಗಂಟು ಕಟ್ಟಿಕೊಟ್ಟ ತಾಯಿ ಬಾಗಿಲಲ್ಲಿ ನಿಂತು, “ಅಲ್ಲಿ ಮಂದಿ ಯಾವ ಮಾತ ಆಡ್ತಾರೋ ಏನೋ ಯಪ್ಪಾ” ಎಂದು ಕಣ್ಣೊರೆಸಿಕೊಂಡರೆ ಅದು ಅತಿಯಲ್ಲ. ಓದಲೇಬೇಕೆಂದರೆ ಊರು ಬಿಡಲೇಬೇಕಾಗಿತ್ತು.

ಸೊಲ್ಲಾಪುರದಲ್ಲಿ ಅವನು ಮೊದಲು ಕೇಳಿದ್ದು ಬಟ್ಟೆಯ ಗಿರಣಿಗಳ ಸಿಳ್ಳು. ಮರಾಠಿ, ಕನ್ನಡ, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಹರಿಯುತ್ತಿದ್ದ ಊರು ಅದು. 1930ರ ಮೇ ತಿಂಗಳಲ್ಲಿ ಆ ಊರು ಬ್ರಿಟಿಷರ ವಿರುದ್ಧ ಎದ್ದು ನಿಂತಿತು. ಅಲ್ಲಿ ಮಾರ್ಷಲ್ ಕಾಯಿದೆ ಜಾರಿಯಾಯಿತು. 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದ ನಾಲ್ವರು ಸೊಲ್ಲಾಪುರಿಗರ ಹೆಸರುಗಳನ್ನು ಓದಿದರೆ ಸಾಕು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ. ತನ್ನ ಊರಿನಲ್ಲಿ ಓಣಿಗೊಂದು ಜಾತಿಯನ್ನು ಕಂಡು ಬೆಳೆದ ಹುಡುಗನು ಅಂತಹ ಊರಿನಲ್ಲಿ ಇತಿಹಾಸವನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯವಿರಲಿಲ್ಲ.

ಹೈದರಾಬಾದಿನ ಪಾಠ ಬೇರೆ ಬಗೆಯದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವಿಜ್ಞಾನ, ವೈದ್ಯಕೀಯಗಳನ್ನೂ ಉರ್ದುವಿನಲ್ಲಿಯೇ ಬೋಧಿಸಿತು. ಪಠ್ಯಗಳ ಅನುವಾದಕ್ಕೆಂದೇ ಒಂದು ವಿಭಾಗವಿತ್ತು. ಉನ್ನತ ವಿದ್ಯೆಗೆ ಇಂಗ್ಲಿಷೇ ಗತಿಯೆಂದು ನಂಬಿದ್ದ ದೇಶಕ್ಕೆ ಇದು ದಿಟ್ಟ ಉತ್ತರವೇ ಸರಿ. ಆದರೆ ಕನ್ನಡದ ಹುಡುಗನಿಗೆ ಅದೂ ಪರಭಾಷೆಯೇ. ಈ ಅನ್ಯಾಯವನ್ನು ಮರೆಯಲಾಗದು. ಅದರಿಂದ ಆದ ಲಾಭವನ್ನು ಮರೆಮಾಚುವುದೂ ಸಲ್ಲದು. ತೆಲುಗರು, ಮರಾಠರು, ಕನ್ನಡಿಗರು ಒಂದೇ ಸೂರಿನಡಿ ಉಂಡು ಮಲಗಿದರು. ಉರ್ದುವಿನ ಗಜಲುಗಳ ರುಚಿ ಹತ್ತಿಸಿಕೊಂಡರು. ಆಳುವವರ ಭಾಷೆಯನ್ನು ಚೆನ್ನಾಗಿ ಕಲಿತವರೇ ಆಳುವವರನ್ನು ಪ್ರಶ್ನಿಸಿದರು. 1938ರಲ್ಲಿ ವಸತಿಗೃಹದಲ್ಲಿ ‘ವಂದೇ ಮಾತರಂ’ ಹಾಡಿದ್ದಕ್ಕಾಗಿ ಹೊರಹಾಕಲ್ಪಟ್ಟ ಅನೇಕ ವಿದ್ಯಾರ್ಥಿಗಳಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾವ್ ಅವರಲ್ಲೊಬ್ಬರು. ಒಂದು ಪರದೇಶ ಹೊರದೂಡಿದವರಿಗೆ ಮತ್ತೊಂದು ಪರದೇಶ ಆಸರೆಯಾಯಿತು.

ಗಡಿಗಳ ಆಟ ಅಲ್ಲಿಗೆ ಮುಗಿಯಲಿಲ್ಲ. 1956ರ ನವೆಂಬರ್ 1ರಂದು ಭೀಮೆಯಾಚೆಯ ಪರದೇಶ ಒಂದೇ ರಾಜ್ಯದ ನೆರೆಯಾಯಿತು. ನಿನ್ನೆಯ ರಾಜಧಾನಿ ಹೈದರಾಬಾದು ಪರರಾಜ್ಯವಾಯಿತು. ಆದರೆ ಸವೆದ ದಾರಿ ಸರಕಾರಿ ನಕಾಶೆಯನ್ನು ನೋಡಿ ಹುಲ್ಲು ಬೆಳೆಸಿಕೊಳ್ಳುವುದಿಲ್ಲ. ಜೇವರ್ಗಿ ತಾಲೂಕಿನ ನೇಲೋಗಿಯಲ್ಲಿ 1936ರಲ್ಲಿ ಜನಿಸಿ, 2004ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದ ಧರ್ಮಸಿಂಗ್ ಅವರು ಎಂ.ಎ. ಪದವಿ ಪಡೆದದ್ದು ಉಸ್ಮಾನಿಯಾದಿಂದಲೇ.

ಇಂದು ಆ ಒತ್ತಡ ತಗ್ಗಿದೆ. 1958ರಲ್ಲಿ ಹುಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯೂ 1980ರ ಗುಲಬರ್ಗಾ ವಿಶ್ವವಿದ್ಯಾಲಯವೂ ವಿದ್ಯೆಯನ್ನು ಕಲಬುರಗಿಗೇ ತಂದವು. ಸಂವಿಧಾನದ 371(ಜೆ) ವಿಧಿಯು ಸ್ಥಳೀಯರಿಗೆ ಸ್ಥಾನಗಳನ್ನು ಮೀಸಲಿರಿಸಿತು. ನಿಜವಾದ ಕಡಲಾಚೆಯ ಓದೂ ಈಗ ಕೇವಲ ದೊಡ್ಡ ಮನೆಗಳ ಸೊತ್ತಲ್ಲ. ಪರಿಶಿಷ್ಟ ವರ್ಗಗಳ ವಿದ್ಯಾರ್ಥಿಗಳಿಗೆ ಕೇಂದ್ರವು 1954-55ರಿಂದಲೂ, ರಾಜ್ಯವು ‘ಪ್ರಬುದ್ಧ’ ಯೋಜನೆಯಿಂದಲೂ ನೆರವು ನೀಡುತ್ತ ಬಂದಿವೆ. ಆದರೆ ದೂರವೊಂದೇ ಕಣ್ಣು ತೆರೆಸುವುದಿಲ್ಲ. ಹತ್ತು ಸಾವಿರ ಮೈಲಿ ಹಾರಿಹೋಗಿ, ತನ್ನವರ ನಡುವೆಯೇ ಕೋಣೆ ಹಿಡಿದು, ಊರಿನ ಉಪ್ಪಿನಕಾಯಿಯೊಡನೆ ಊರಿನ ಜಗಳವನ್ನೂ ಒಯ್ದವನಿಗಿಂತ ಸೊಲ್ಲಾಪುರದಲ್ಲಿ ಮರಾಠಿಗರ ಮನೆಯ ಊಟಕ್ಕೆ ನಾಲಿಗೆ ಒಗ್ಗಿಸಿಕೊಂಡ ಹುಡುಗ ಹೆಚ್ಚು ಜಗತ್ತನ್ನು ಕಂಡಿರಬಹುದು. ಇನ್ನು, ಹೋದವರಲ್ಲಿ ಮರಳಿದವರೆಷ್ಟು? ಆಳಂದದ ಓಣಿಗಳಲ್ಲಿ ಬೀಗ ಬಿದ್ದ ದೊಡ್ಡ ಬಾಗಿಲುಗಳು, ಹಬ್ಬಕ್ಕೆ ಮಾತ್ರ ಸುಣ್ಣ ಕಾಣುವ ಗೋಡೆಗಳು ಈ ಲೆಕ್ಕದ ಇನ್ನೊಂದು ಬದಿ. ವಿಶಾಲವಾದ ಕಣ್ಣು ಊರನ್ನು ನೋಡುವುದನ್ನೇ ಬಿಟ್ಟರೆ ತಾಯಿ ಕಟ್ಟಿಕೊಟ್ಟ ಬುತ್ತಿ ಯಾರ ಪಾಲಾದಂತೆ?

ಕಲಬುರಗಿಯಿಂದ ಆಳಂದಕ್ಕೆ ಹೋಗುವ ಬಸ್ಸು ಈ ಪ್ರಶ್ನೆಯನ್ನು ಬೇರೊಂದು ದಿಕ್ಕಿಗೆ ತಿರುಗಿಸುತ್ತದೆ. ದಾರಿಯಲ್ಲಿ ಸಿಗುವ ಕಡಗಂಚಿಯ ಬಯಲಿನಲ್ಲಿ, 2009ರ ಕಾಯಿದೆಯಿಂದ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ಬರೆದು ಬೇರೆ ಬೇರೆ ರಾಜ್ಯಗಳ ತರುಣ ತರುಣಿಯರು ಇಲ್ಲಿಗೆ ಬರುತ್ತಾರೆ. ಇಷ್ಟು ಕಾಲ ಮಕ್ಕಳನ್ನು ಕಳುಹಿಸಿದ ಸೀಮೆ ಈಗ ಪರರ ಮಕ್ಕಳನ್ನು ಬರಮಾಡಿಕೊಳ್ಳುತ್ತಿದೆ. ಬಿಸಿಲಿನ ಕಾವಿಗೆ ಬೆದರಿದ ದೂರದೂರಿನ ಹುಡುಗಿಯೊಬ್ಬಳಿಗೆ ಆಳಂದ ತಾಲೂಕೇ ಪರದೇಶ. ಖಡಕ್ ರೊಟ್ಟಿಯನ್ನು ಮುರಿಯುವ ಬಗೆ, ಬಸ್ಸಿನಲ್ಲಿ ಅಜ್ಜಿಯೊಬ್ಬಳು ‘ಯವ್ವಾ, ಸರಿದು ಕೂಡು’ ಎಂದಾಗ ಸರಿಯಬೇಕಾದ ಬಗೆ, ಲಾಡ್ಲೆ ಮಶಾಯಕರ ದರ್ಗಾಕ್ಕೆ ಹಿಂದೂಗಳೂ ಹರಕೆ ಹೊತ್ತು ಹೋಗುವ ಬಗೆ, ಎಲ್ಲವೂ ಅವಳಿಗೆ ಹೊಸ ಪಾಠ. ಅವಳ ತಾಯಿಯೂ ಎಲ್ಲಿಯೋ ಒಂದು ಬಾಗಿಲಲ್ಲಿ ನಿಂತು, ಅಲ್ಲಿಯ ಜನ ಯಾವ ಮಾತಾಡುತ್ತಾರೋ ಎಂದು ಚಿಂತಿಸಿದ್ದಿರಬೇಕು.