ಸಿಹಿಯರಿಯದ ಪ್ರಾಣಿಗೆ ಸಿಹಿಯ ಬೇನೆ

ಬೆಕ್ಕಿಗೆ ಸಿಹಿಯ ರುಚಿ ತಿಳಿಯದು. ಸಿಹಿಯನ್ನು ಗುರುತಿಸಲು ನಾಲಗೆಗೆ ಬೇಕಾದ ಎರಡು ವಂಶವಾಹಿಗಳಲ್ಲಿ ಒಂದು ಆ ಜಾತಿಯಲ್ಲಿ ಕೆಟ್ಟು ನಿಂತಿದೆಯೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಲಾಡುವಿನ ತಟ್ಟೆಯನ್ನು ಮೂಸಿ ಅದು ಮುಖ ತಿರುಗಿಸುವುದು ವೈರಾಗ್ಯದಿಂದಲ್ಲ. ಹೀಗಿದ್ದರೂ ಮಧುಮೇಹವು ಅದನ್ನು ಬಿಟ್ಟಿಲ್ಲ. ಮನೆಯೊಳಗೇ ಬೆಳೆದು, ಬೇಟೆಯನ್ನು ಮರೆತು, ಮೈ ಬೆಳೆಸಿಕೊಂಡ, ನಡುವಯಸ್ಸು ಮೀರಿದ ಬೆಕ್ಕುಗಳಲ್ಲಿ, ಅದರಲ್ಲಿಯೂ ಬೀಜ ತೆಗೆಸಿದ ಗಂಡುಗಳಲ್ಲಿ, ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಚಿಕ್ಕಬಾಣಾವರವು ಬೆಂಗಳೂರಿನ ವಾಯವ್ಯಕ್ಕೆ, ಹೆಸರಘಟ್ಟದ ರಸ್ತೆಯಲ್ಲಿದೆ. ಊರಿಗೆ ಒಂದು ಕೆರೆ, ಒಂದು ರೈಲ್ವೆ ಜಂಕ್ಷನ್. ಮಿಕ್ಕ ಮನೆಗಳಲ್ಲಿ ಪೀಣ್ಯದ ಕಾರ್ಖಾನೆಗಳ ಅನ್ನವುಂಡವು ಎಷ್ಟೋ. ಅಂಥದೊಂದು ಮನೆಯಲ್ಲಿ ನಿವೃತ್ತರಾದ ಯಜಮಾನರು, ಅವರ ಪತ್ನಿ, ಹತ್ತು ವರ್ಷದ ಒಂದು ಗಂಡುಬೆಕ್ಕು. ಮನೆಯವರು ಶಾಕಾಹಾರಿಗಳಾದಕಾರಣ ಬೆಕ್ಕೂ ಹಾಲನ್ನ, ಮೊಸರನ್ನ, ತಪ್ಪಿದರೆ ಅಂಗಡಿಯ ಒಣ ಬಿಸ್ಕತ್ತು, ಇವುಗಳಲ್ಲಿಯೇ ಬಾಳು ಸಾಗಿಸಿತ್ತು. ಅದು ತುಳಸಿಕಟ್ಟೆಯ ಬಳಿಯ ತಂಬಿಗೆಯನ್ನೂ ಬಚ್ಚಲಿನ ಬಕೀಟನ್ನೂ ಬಿಡದೆ ನೀರು ಕುಡಿಯತೊಡಗಿದಾಗ ಬೇಸಗೆಯೆಂದುಕೊಂಡರು. ಎಷ್ಟು ತಿಂದರೂ ಬೆನ್ನೆಲುಬು ಕೈಗೆ ಸಿಕ್ಕತೊಡಗಿದಾಗ ಜಂತುಹುಳುವೆಂದುಕೊಂಡರು. ಮರಳಿನ ತಟ್ಟೆಗೆ ಇರುವೆ ಸಾಲುಗಟ್ಟಿದ್ದನ್ನು ಕಂಡಮೇಲೆ ಮಾತ್ರ ಗೃಹಿಣಿಗೆ ಅನುಮಾನ ಬಂತು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆಯು ಪ್ರಮೇಹದ ಪೂರ್ವಲಕ್ಷಣಗಳಲ್ಲಿ ಎಣಿಸಿದೆ. ಆಕೆ ಚರಕನನ್ನು ಓದಿದವರಲ್ಲ, ಗಂಡನಿಗೆ ಅದೇ ಬೇನೆಯಿದ್ದುದರಿಂದ ಬಲ್ಲವರು.

ಪಶುವೈದ್ಯರು ಒಂದು ಸಲದ ರಕ್ತಪರೀಕ್ಷೆಯನ್ನು ನಂಬಲಿಲ್ಲ. ಬುಟ್ಟಿಯಲ್ಲಿ ಕೂತು, ಆಟೋ ಏರಿ, ನಾಯಿಗಳ ನಡುವೆ ಕಾದು ಬಂದ ಬೆಕ್ಕಿನ ರಕ್ತದಲ್ಲಿ ಭಯದಿಂದಲೇ ಸಕ್ಕರೆ ಏರುವುದುಂಟು. ಆರೋಗ್ಯದ ಬೆಕ್ಕಿನಲ್ಲಿಯೂ ಅದು ಡೆಸಿಲೀಟರಿಗೆ 300 ಮಿಲಿಗ್ರಾಂ ದಾಟಬಹುದು. ಆದುದರಿಂದ ಹಿಂದಿನ ಎರಡು ಮೂರು ವಾರಗಳ ಸರಾಸರಿಯನ್ನು ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸಿ, ಅನಂತರವೇ ಚೀಟಿ ಬರೆದರು: ಗ್ಲಾರ್ಜಿನ್ ಇನ್ಸುಲಿನ್, ಹನ್ನೆರಡು ಗಂಟೆಗೊಮ್ಮೆ ಒಂದು ಯೂನಿಟ್.

ದಿನವೂ ಬೆಳಗ್ಗೆ ಇಪ್ಪತ್ತನಾಲ್ಕು ಯೂನಿಟ್ ಚುಚ್ಚಿಕೊಳ್ಳುವ ಯಜಮಾನರಿಗೆ ಇದು ತಮಾಷೆಯಾಗಿ ತೋರಿತು. "ಒಂದೇ ಯೂನಿಟ್ಟೆ? ಇದೇನು ಸ್ವಾಮಿ, ಗುಬ್ಬಿಗೆ ಮದ್ದೆ?" ಎಂದರು. ಅನುಭವಸ್ಥರ ಗರ್ವ ಹೀಗೆಯೇ. ತಮ್ಮ ಮೈಯನ್ನೇ ತಕ್ಕಡಿ ಮಾಡಿಕೊಂಡು ಜಗತ್ತನ್ನು ತೂಗುತ್ತದೆ. ಆ ಯೂನಿಟ್ ಎಂಬ ಅಳತೆ ಹುಟ್ಟಿದ ಬಗೆಯನ್ನು ತಿಳಿದಿದ್ದರೆ ಅವರು ನಗುತ್ತಿರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಕಂಡುಹಿಡಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಅದನ್ನು ಮೊದಲು ಕೊಟ್ಟರು. ಆಗ ಮದ್ದಿನ ಬಲವನ್ನು ಅಳೆಯಲು ಸಿಕ್ಕಿದ್ದು ಮೊಲ. ಉಪವಾಸವಿಟ್ಟ ಎರಡು ಕಿಲೋ ತೂಕದ ಮೊಲಕ್ಕೆ ಎಳೆತ ಬರುವಷ್ಟು ಸಕ್ಕರೆಯನ್ನು ಇಳಿಸುವ ಪ್ರಮಾಣವೇ ಮೊದಲ ಯೂನಿಟ್. ಆಮೇಲೆ ಅದರ ಮೂರರಲ್ಲೊಂದು ಪಾಲನ್ನು ಯೂನಿಟ್ಟೆಂದು ಗೊತ್ತುಮಾಡಿದರು. ಹೀಗೆ ಈ ಅಳತೆ ಹುಟ್ಟಿದ್ದೇ ಒಂದು ಸಣ್ಣ ಪ್ರಾಣಿಯ ಅಪಾಯದಿಂದ. ಯಜಮಾನರ ಬೆಕ್ಕು ತೂಗುತ್ತಿದ್ದುದು ಐದೇ ಕಿಲೋ.

ಗಂಡಾಂತರ ಬಂದದ್ದು ಸಿರಿಂಜಿನ ರೂಪದಲ್ಲಿ. ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಸಾಂದ್ರತೆಗಳಲ್ಲಿ ಮಾರಾಟವಾಗುತ್ತದೆ: ಮಿಲಿಲೀಟರಿಗೆ 40 ಯೂನಿಟ್ಟಿನದು ಒಂದು, 100 ಯೂನಿಟ್ಟಿನದು ಇನ್ನೊಂದು. ಮೊದಲನೆಯದರ ಸಿರಿಂಜಿಗೆ ಕೆಂಪು ಟೋಪಿ, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. ಯಜಮಾನರ ಮದ್ದು 40ರದು, ಬೆಕ್ಕಿನದು 100ರದು. ಎರಡೂ ಒಂದೇ ಫ್ರಿಜ್ಜಿನ ಬಾಗಿಲಲ್ಲಿ ಅಕ್ಕಪಕ್ಕ. ಒಂದು ಸಂಜೆ ಕಿತ್ತಳೆ ಟೋಪಿಯವು ಮುಗಿದುವೆಂದು ಅವರು ತಮ್ಮ ಕೆಂಪು ಟೋಪಿಯದನ್ನೇ ತೆಗೆದು ಬೆಕ್ಕಿನ ಮದ್ದನ್ನು ಒಂದು ಗೆರೆ ಎಳೆದರು.

"ರೀ, ಇದು ನಿಮ್ಮ ಸೂಜಿ ಅಲ್ಲವೆ?" ಎಂದರು ಗೃಹಿಣಿ.

"ಯಾರ ಸೂಜಿಯಾದರೇನೆ? ಒಂದು ಗೆರೆ ಅಂದರೆ ಒಂದು ಗೆರೆ."

ಆದರೆ ಒಂದು ಗೆರೆ ಒಂದು ಗೆರೆಯಲ್ಲ. ಕೆಂಪು ಸಿರಿಂಜಿನ ಒಂದು ಗೆರೆ ಮಿಲಿಲೀಟರಿನ ನಲವತ್ತರಲ್ಲೊಂದು ಪಾಲು. 100ರ ಮದ್ದಿನಲ್ಲಿ ಅಷ್ಟು ಹನಿಯೊಳಗೆ ಎರಡೂವರೆ ಯೂನಿಟ್ ಇರುತ್ತದೆ. ಗೃಹಿಣಿ ಈ ಲೆಕ್ಕವನ್ನು ಹಾಲಿನ ಚೀಟಿಯ ಬೆನ್ನಮೇಲೆ ಮಾಡಿ ತೋರಿಸುವವರೆಗೂ ಕೈ ಬಿಡಲಿಲ್ಲ. ಆ ಸಂಜೆಯ ಮದ್ದು ತಪ್ಪಿತು. ತಪ್ಪಿದ ಒಂದು ಹೊತ್ತಿನಿಂದ ಬೆಕ್ಕು ಸಾಯುವುದಿಲ್ಲ. ಹೆಚ್ಚಾದ ಒಂದು ಹೊತ್ತಿನಿಂದ ಸಾಯಬಹುದು. ಚುಚ್ಚುವಾಗ ಬೆಕ್ಕು ಜಾರಿ ರೋಮ ಒದ್ದೆಯಾದರೂ, ಕೊಟ್ಟೆವೋ ಇಲ್ಲವೋ ಎಂದು ಮರೆತರೂ, ಮತ್ತೊಮ್ಮೆ ಚುಚ್ಚಕೂಡದೆಂದು ವೈದ್ಯರು ಕಟ್ಟುನಿಟ್ಟು ಮಾಡಿದ್ದು ಇದಕ್ಕಾಗಿಯೇ. ಅಂದಿನಿಂದ ಯಜಮಾನರ ಮದ್ದು ಬಾಗಿಲಿನ ಮೇಲಿನ ಸಾಲಿಗೂ ಬೆಕ್ಕಿನದು ಕೆಳಗಿನ ಡಬ್ಬಿಗೂ ಹೋದುವು.

ಮಿಕ್ಕ ವಿಧಿಗಳು ಕಷ್ಟದವಲ್ಲ. ಮೊದಲು ಊಟ, ಅದು ತಿನ್ನುತ್ತಿರುವಾಗ ಪಕ್ಕೆಯ ಚರ್ಮವನ್ನು ಎತ್ತಿ ಸೂಜಿ. ತಿನ್ನದಿದ್ದರೆ ವೈದ್ಯರನ್ನು ಕೇಳದೆ ಮದ್ದಿಲ್ಲ. ಹೊತ್ತು ಬೆಳಗಿನ ಏಳು, ಸಂಜೆಯ ಏಳು. ಯಜಮಾನರು ಮೊದಮೊದಲು ಸಂಜೆಯ ರೈಲಿನ ಕೂಗನ್ನು ಗುರುತಿಟ್ಟುಕೊಂಡಿದ್ದರು. ರೈಲಿನ ಶಿಸ್ತು ಬೆಕ್ಕಿಗೆ ಸಾಲದೆಂದು ವಾರದೊಳಗೆ ಗೊತ್ತಾಯಿತು. ತುಮಕೂರಿನ ಮದುವೆಗೆ ಒಬ್ಬರೇ ಹೋದರು, ಇನ್ನೊಬ್ಬರು ಮನೆಯಲ್ಲುಳಿದರು.

ಎರಡು ವಾರ ಕಳೆದರೂ ಕಿವಿಯಂಚಿನ ರಕ್ತದ ಹನಿಯಲ್ಲಿ ಸಕ್ಕರೆ 300ರ ಮೇಲೆಯೇ. ಯಜಮಾನರು ದಿನಕ್ಕೊಂದು ಯೂನಿಟ್ ಏರಿಸೋಣವೆಂದರು. ಮೈ ಹೊಸ ಪ್ರಮಾಣಕ್ಕೆ ಹೊಂದಿಕೊಳ್ಳಲು ಐದಾರು ದಿನ ಬೇಕು, ಏರಿಸುವುದಾದರೆ ಅರ್ಧರ್ಧ ಯೂನಿಟ್ ಎಂದರು ವೈದ್ಯರು. ಒಂದೂವರೆಯಾಯಿತು, ಎರಡಾಯಿತು. ಕೊನೆಗೆ ಅವರು ಮೊದಲ ದಿನವೇ ಹೇಳಿದ್ದ ಮಾತನ್ನು ಮತ್ತೆ ಹೇಳಿದರು: ಅನ್ನವನ್ನು ಬಿಡಿಸಬೇಕು, ಬೆಕ್ಕು ಮಾಂಸಕ್ಕೆಂದೇ ಹುಟ್ಟಿದ ಪ್ರಾಣಿ.

ಈ ಮಾತಿಗೆ ಮನೆಯಲ್ಲಿ ಮೂರು ದಿನ ಮೌನ. ಯಜಮಾನರು ಹಾಲು ಹೆಚ್ಚಿಸಿ ಅನ್ನ ಕಡಿಮೆ ಮಾಡಬಹುದಲ್ಲವೆ ಎಂದು ನೋಡಿದರು, ಹಾಲಿನಲ್ಲಿಯೂ ಸಕ್ಕರೆಯುಂಟು. ನಾಲ್ಕನೆಯ ದಿನ ಗೃಹಿಣಿ ತಾವೇ ಪಕ್ಕದ ಮನೆಯಾಕೆಯ ಕೈಯಲ್ಲಿ ಕೋಳಿಮಾಂಸ ತರಿಸಿ, ಹಿತ್ತಲಿನಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟು, ಮೂಗಿಗೆ ಸೆರಗು ಹಿಡಿದು ಬೇಯಿಸಿದರು. ಸ್ನಾನ ಮಾಡಿ ಒಳಗೆ ಬಂದರು. ಪಾಪಪುಣ್ಯದ ಮಾತು ಎತ್ತಿದ ಗಂಡನಿಗೆ, "ಅದರ ಊಟ ಅದಕ್ಕೆ ಹಾಕಿದೆ, ಅಷ್ಟೆ" ಎಂದರು. ಮಡಿಯ ವಿಷಯದಲ್ಲಿ ಇದಕ್ಕಿಂತ ಸಮಂಜಸವಾದ ತೀರ್ಪನ್ನು ಪಂಡಿತರೂ ಕೊಡಲಾರರೇನೋ.

ಅನ್ನ ತಪ್ಪಿದರೆ ಮದ್ದೂ ಇಳಿಯಬೇಕು. ಮಾಂಸ ಹಾಕುವ ದಿನವೇ ತಿಳಿಸಬೇಕೆಂದು ವೈದ್ಯರು ಹೇಳಿದ್ದರು. ಆ ಗಲಭೆಯಲ್ಲಿ ತಿಳಿಸುವುದು ಉಳಿಯಿತು. ಐದನೆಯ ದಿನ ಮಧ್ಯಾಹ್ನ ಒಂದರ ವೇಳೆಗೆ, ಬೆಳಗಿನ ಮದ್ದು ಪೂರ್ಣವಾಗಿ ಹಿಡಿಯುವ ಹೊತ್ತಿನಲ್ಲಿ, ಬೆಕ್ಕು ಹೊಸ್ತಿಲ ಬಳಿ ತೂರಾಡಿ ಕುಸಿಯಿತು. ಅಳೆದರೆ 48. ಮನುಷ್ಯರ ಮಾಪಕವು ಬೆಕ್ಕಿನ ರಕ್ತದಲ್ಲಿ ಕೊಂಚ ಕಡಿಮೆ ತೋರಿಸುವುದುಂಟು; ಆದರೂ ಅದು ವಾದಿಸುವ ಸಮಯವಲ್ಲ. ಗೃಹಿಣಿ ಸಕ್ಕರೆಯ ಗಟ್ಟಿ ಪಾಕವನ್ನು ಬೆರಳಿನಿಂದ ಅದರ ಒಸಡಿಗೆ ಸವರುತ್ತ ಹೋದರು. ಯಜಮಾನರ ಕೈ ನಡುಗುತ್ತಿತ್ತು. ತಮ್ಮ ಸಕ್ಕರೆ ಇಳಿದಾಗಿನ ಆ ತಣ್ಣನೆಯ ಬೆವರು, ಆ ಕತ್ತಲೆ, ಅವರಿಗೆ ಗೊತ್ತು. ಹತ್ತು ನಿಮಿಷದ ಮೇಲೆ ಬೆಕ್ಕು ತುಟಿ ನೆಕ್ಕಿತು, ಸಿಹಿಯೆಂದರಿಯದೆ. ತಲೆಯೆತ್ತಿದ ಕೂಡಲೆ ಊಟವಿಟ್ಟು, ವೈದ್ಯರ ಬಳಿಗೆ ಒಯ್ದರು. ಸಂಜೆಯ ಮದ್ದು ನಿಂತಿತು. ಮಾರನೆಯ ದಿನದಿಂದ ಎರಡು ಒಂದಾಯಿತು.

ಈಗ ಅರ್ಧ ಯೂನಿಟ್ಟಿಗೆ ಬಂದಿದೆ. ಅದಕ್ಕಾಗಿ ಅರ್ಧ ಯೂನಿಟ್ಟಿನ ಗೆರೆಯುಳ್ಳ ಸಣ್ಣ ಸಿರಿಂಜನ್ನು ಯಜಮಾನರು ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಉಸಿರು ಕಟ್ಟಿ ನೋಡುತ್ತಾರೆ. ಗೃಹಿಣಿ ಇನ್ನೊಮ್ಮೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ರೋಗವು ಹೊಸದಾಗಿದ್ದಾಗಲೇ ಮದ್ದೂ ಪಥ್ಯವೂ ಸರಿಯಾಗಿ ಸಿಕ್ಕಿದ ಬೆಕ್ಕುಗಳಲ್ಲಿ ಕೆಲವಕ್ಕೆ ಮೇದೋಜೀರಕವು ಚೇತರಿಸಿಕೊಂಡು ಸೂಜಿಯೇ ಬೇಡವಾಗುವುದುಂಟು, ಬೇಡವಾದವುಗಳಲ್ಲಿ ಕೆಲವಕ್ಕೆ ರೋಗ ಮರುಕಳಿಸುವುದೂ ಉಂಟು. ಮುಂದಿನ ತಿಂಗಳು ನಿಲ್ಲಿಸಿ ನೋಡೋಣವೆಂದು ವೈದ್ಯರು ಹೇಳಿದ್ದಾರೆ. ಸೂಜಿ ನಿಂತರೂ ಹಾಲನ್ನಕ್ಕೆ ಮರಳುವಂತಿಲ್ಲವೆಂದದ್ದನ್ನು ಕೇಳಿ, ಗೃಹಿಣಿ ಹಿತ್ತಲಿನ ಒಲೆಗೆ ಒಂದು ತಗಡಿನ ಮರೆ ಕಟ್ಟಿಸಿದ್ದಾರೆ, ಮಳೆಗಾಲ ಬರುತ್ತದೆಂದು.